ಯಾರ ಮನೆಯ ‘ಇಲ್ಲೆ’?

ನಮ್ಮ ಚಿಕ್ಕಮ್ಮ ಇಪ್ಪತ್ತೆಂಟು ವರ್ಷಗಳಿಂದ ಒಂದನೇ ಕ್ಲಾಸಿನಲ್ಲೇ ಕೂತಿದ್ದಾಳೆ. ಪಾಸಾಗುವ ಲಕ್ಷಣ ಕಾಣುವುದಿಲ್ಲ! ಅವಳ ಜೊತೆ ಕೆಲಸಕ್ಕೆ ಸೇರಿದ ಟೀಚರುಗಳೆಲ್ಲ ಮುಖ್ಯೋಪಾಧ್ಯಾಯರಾದರು, ಕೆಲವರು ಆಫೀಸಿನ ತಿರುಗುವ ಕುರ್ಚಿಯವರೆಗೂ ಹೋದರು. ಇವಳು ಮಾತ್ರ ಬಡ್ತಿಯ ಮಾತು ಬಂದಾಗಲೆಲ್ಲ, “ನನಗಿನ್ನೂ ಒಂದನೇ ಕ್ಲಾಸೇ ಸರಿಯಾಗಿ ಬಂದಿಲ್ಲ” ಎಂದು ಬರೆದುಕೊಟ್ಟು ಬರುತ್ತಾಳೆ. ಈ ವಿಷಯಕ್ಕೆ ಮನೆಯಲ್ಲಿ ನಾವು ನಕ್ಕದ್ದು ಅಷ್ಟಿಷ್ಟಲ್ಲ. ಈಗ ನಾನು ನಗುವುದನ್ನು ಬಿಟ್ಟಿದ್ದೇನೆ. ಯಾಕೆಂದು ಹೇಳುತ್ತೇನೆ, ಆದರೆ ಮೊದಲು ನೀವು ಸ್ವಲ್ಪ ನಕ್ಕುಬಿಡಿ. ಆಮೇಲೆ ಆಗಲಿಕ್ಕಿಲ್ಲ.

ಚಿಕ್ಕಮ್ಮ ಘಟ್ಟದ ಮೇಲಿನವಳು. ಮದುವೆಯಾಗಿ ಕಡಬಕ್ಕೆ ಬಂದಾಗ ಅವಳಿಗೆ ಗೊತ್ತಿದ್ದದ್ದು ಕನ್ನಡ ಒಂದೇ. ಅದೂ ರೊಟ್ಟಿ ತಟ್ಟಿದ ಹಾಗೆ ಪಟಪಟನೆ ಬೀಳುವ ಕನ್ನಡ. ಕೋಡಿಂಬಾಳದ ಹತ್ತಿರದ ಒಂದು ಸರಕಾರಿ ಶಾಲೆಯಲ್ಲಿ ಕೆಲಸ ಸಿಕ್ಕಿತು. ಮೊದಲ ದಿನ ಹಾಜರಿ ಕರೆದಳು. ಬ್ಯಾರಿ ಭಾಷೆ ಮಾತಾಡುವ ಮನೆಯ ಹುಡುಗನೊಬ್ಬ ಎದ್ದು ನಿಂತು “ಉಂಡು” ಎಂದ. ‘ಇದ್ದೇನೆ’ ಎಂದು ಅವನು ಹೇಳಿದ್ದು. ಚಿಕ್ಕಮ್ಮ ಕನ್ನಡಕ ಸರಿ ಮಾಡಿಕೊಂಡಳು.

“ಉಂಡ್ಯಾ? ಬೆಳಗ್ಗೆ ಹತ್ತು ಗಂಟೆಗೇ? ನಾನು ಹಾಜರಿ ಕೇಳಿದ್ದಪ್ಪಾ, ಊಟ ಕೇಳಲಿಲ್ಲ!”

ಮುಂದಿನವಳೂ “ಉಂಡು” ಎಂದಳು. ಅದರ ಮುಂದಿನವನೂ ಉಂಡಿದ್ದ! ಸಂಜೆ ಮನೆಗೆ ಬಂದವಳೇ ನಮ್ಮ ಅಜ್ಜಿಯ ಹತ್ತಿರ, “ಅತ್ತೆ, ಈ ಊರಿನ ಮಕ್ಕಳು ಪುಣ್ಯವಂತರು. ಬೆಳಗ್ಗೇನೇ ಊಟ ಮುಗಿಸಿ ಬರ್ತಾರೆ” ಎಂದಳಂತೆ. ಅಜ್ಜಿ ನಗದೆ, “ಹೌದಾ? ಹಾಗಾದ್ರೆ ನಾಳೆಯಿಂದ ನೀನೂ ಉಂಡೇ ಹೋಗು ಮಾರಾಯ್ತಿ” ಎಂದರಂತೆ.

ಇದು ನಗುವ ತಪ್ಪು. ಇನ್ನೊಂದು ಹಾಗಲ್ಲ.

ಆ ವರ್ಷ ತರಗತಿಯಲ್ಲಿ ಲಲಿತಾ ಎಂಬ ಹುಡುಗಿಯ ಹೆಸರಿತ್ತು. ಕೂಲಿ ಮಾಡುವವರ ಮಗಳು. ಅವಳ ಹೆಸರು ಕೂಗಿದಾಗಲೆಲ್ಲ ಪಕ್ಕದಲ್ಲಿ ಕೂರುವ ಹುಡುಗಿ “ಇಲ್ಲೆ” ಎನ್ನುತ್ತಿದ್ದಳು. ಆ ಹುಡುಗಿ ಸುಳ್ಯ ಕಡೆಯ ಗೌಡರ ಮನೆಯವಳು, ಅವರದ್ದು ಅರೆಭಾಷೆ. ಅರೆಭಾಷೆಯಲ್ಲಿ ‘ಇಲ್ಲೆ’ ಎಂದರೆ ಇಲ್ಲ, ಬಂದಿಲ್ಲ. ಘಟ್ಟದ ಮೇಲಿನ ಕಿವಿಗೆ ಅದು ಕೇಳಿದ್ದು ‘ಇಲ್ಲೇ’ ಎಂದು. ಇಲ್ಲೇ ಇದ್ದಾಳೆ! ಅರವತ್ತು ಮಕ್ಕಳ ಕ್ಲಾಸು. ಬಗ್ಗಿಸಿದ ತಲೆ ಎತ್ತದೆ ಚಿಕ್ಕಮ್ಮ ಹಾಜರಿ ಹಾಕಿದಳು. ಒಂದು ದಿನವಲ್ಲ, ಹದಿನೈದು ದಿನ. ಪುಸ್ತಕದಲ್ಲಿ ಲಲಿತಾಳಷ್ಟು ಚೊಕ್ಕ ಹಾಜರಿ ಬೇರೆ ಯಾರದ್ದೂ ಇರಲಿಲ್ಲ!

ಹೊಸ ಸ್ಲೇಟು ಹಂಚಿದಾಗ ಒಂದು ಉಳಿಯಿತು. ಆಗ ಗೊತ್ತಾದದ್ದು. ಚಿಕ್ಕಮ್ಮ ಆ ಸ್ಲೇಟು ಹಿಡಿದುಕೊಂಡು ಮಧ್ಯಾಹ್ನದ ಬಿಸಿಲಲ್ಲಿ ಮನೆ ಹುಡುಕಿಕೊಂಡು ಹೋದಳು. ಬಾಗಿಲಿಗೆ ಬೀಗ. ಪಕ್ಕದ ಮನೆಯ ಹೆಂಗಸು ಹೇಳಿದರು, “ಕೊಡಗಿಗೆ ಹೋದ್ರು ಟೀಚರೇ, ಕಾಫಿ ತೋಟದ ಕೆಲಸಕ್ಕೆ. ಮಗುವನ್ನು ಅಜ್ಜಿ ಮನೆಯಲ್ಲಿ ಬಿಟ್ಟು ಹೋಗುದಾ, ಶಾಲೆ ತಪ್ತದಾ ಅಂತ ಒಂದು ವಾರ ಯೋಚನೆ ಮಾಡಿದ್ರು. ಶಾಲೆಯಿಂದ ಯಾರಾದ್ರೂ ಕೇಳ್ಲಿಕ್ಕೆ ಬರ್ತಾರಾ ಅಂತ ನೋಡಿದ್ರು. ಯಾರೂ ಬರ್ಲಿಲ್ಲ.”

ಲಲಿತಾ ಮತ್ತೆ ಸಿಗಲಿಲ್ಲ. ಆ ಸ್ಲೇಟು ಈಗಲೂ ನಮ್ಮ ಮನೆಯ ಕಪಾಟಿನ ಮೇಲೆ ಉಂಟು. ಧೂಳು ಒರೆಸಲು ಹೋದರೆ ಚಿಕ್ಕಮ್ಮ ಬೈಯುತ್ತಾಳೆ.

ಅಲ್ಲಿಂದ ಅವಳ ಹುಚ್ಚು ಶುರುವಾಯಿತು. ಬಸ್ಸಿನ ಕಂಡಕ್ಟರನಿಂದ ತುಳು, ಮೀನು ಮಾರುವ ಬ್ಯಾರಿಯಿಂದ ಬ್ಯಾರಿ ಭಾಷೆ, ಬಿಸಿಯೂಟದ ಅಡುಗೆಯವರಿಂದ ಅರೆಭಾಷೆ, ರಬ್ಬರ್ ಟ್ಯಾಪಿಂಗಿಗೆ ಬಂದವರಿಂದ ಮಲಯಾಳ! ಈಗ ಅವಳ ಒಂದೊಂದು ವಾಕ್ಯದಲ್ಲೂ ನಾಲ್ಕು ಮನೆಯ ಪಾತ್ರೆಗಳಿರುತ್ತವೆ, ಒಂದನ್ನೂ ವಾಪಸು ಕೊಟ್ಟವಳಲ್ಲ. ತರಗತಿಗೆ ಒಂದು ಕಾನೂನೂ ಮಾಡಿದಳು. ಹಾಜರಿಗೆ ಪ್ರತಿ ಮಗುವೂ ತನ್ನ ಮನೆಯ ಮಾತಿನಲ್ಲೇ ಉತ್ತರಿಸಬೇಕು. “ಮನೆಯ ಮಾತನ್ನು ಚಪ್ಪಲಿಯ ಹಾಗೆ ಹೊರಗೆ ಬಿಟ್ಟು ಬಂದರೆ ಮಗು ಅರ್ಧ ಮಾತ್ರ ಒಳಗೆ ಬಂದ ಹಾಗೆ” ಎನ್ನುತ್ತಾಳೆ. ಮತ್ತು ಯಾರೇ ‘ಇಲ್ಲೆ’ ಎನ್ನಲಿ, ಪೆನ್ನು ಎತ್ತಿ ಹಿಡಿದು ಕೇಳುತ್ತಾಳೆ: “ಯಾರ ಮನೆಯ ಇಲ್ಲೆ ಅದು?”

ಕಳೆದ ಜೂನಿನಲ್ಲಿ ಶಾಲೆ ಶುರುವಾದ ಹೊಸದರಲ್ಲೇ ತಪಾಸಣೆಗೆ ಒಬ್ಬ ಅಧಿಕಾರಿ ಬಂದರು. ಅವರೂ ಘಟ್ಟದ ಮೇಲಿನವರು. ನಾನು ಅಲ್ಲೇ ಇದ್ದೆ. ಕಡಬದಲ್ಲಿ ನನ್ನದೊಂದು ಜೆರಾಕ್ಸ್ ಅಂಗಡಿ ಉಂಟು, ಅದರ ಬಾಗಿಲು ತೆರೆಯುವ ಮೊದಲು ಚಿಕ್ಕಮ್ಮನನ್ನು ಸ್ಕೂಟರಿನಲ್ಲಿ ಶಾಲೆಗೆ ಬಿಡುವುದು ನನ್ನ ದಿನದ ಕೆಲಸ. ಹಾಜರಿ ನಡೆಯುತ್ತಿತ್ತು. ಒಬ್ಬ ಹುಡುಗನ ಹೆಸರು ಬಂದಾಗ ಧನ್ಯಾ ಎಂಬ ಅರೆಭಾಷೆಯ ಹುಡುಗಿ “ಇಲ್ಲೆ ಟೀಚರ್” ಎಂದಳು.

“ಇಲ್ಲೇ ಅಂದ್ರೆ ಎಲ್ಲಮ್ಮಾ? ಕಾಣ್ತಾ ಇಲ್ವಲ್ಲ!” ಎಂದ ಅಧಿಕಾರಿಗಳು ಬಾಗಿಲ ಹಿಂದೆ ನೋಡಿದರು. ಪ್ಯಾಂಟು ಮೇಲೆತ್ತಿಕೊಂಡು ಮೇಜಿನ ಅಡಿಗೂ ಬಗ್ಗಿದರು!

ಚಿಕ್ಕಮ್ಮ ಗಂಭೀರವಾಗಿ ಕೇಳಿದಳು, “ಧನ್ಯಾ, ಯಾರ ಮನೆದು?”

“ನಮ್ಮ ಮನೆದು ಟೀಚರ್.”

“ಅವಳ ಮನೆಯದ್ದಾದರೆ ಹುಡುಗ ಬಂದಿಲ್ಲ ಸರ್. ನನ್ನದಾಗಿದ್ದರೆ ಮೇಜಿನಡಿಯಲ್ಲಿ ಸಿಗ್ತಿದ್ದ.”

ಅದೇ ತಿಂಗಳ ಕೊನೆಗೆ ಮಿಸ್ರಿಯಾ ಬಂದಳು. ಬಂದಳು ಎಂದರೆ ಉಮ್ಮನ ಸೊಂಟದ ಮೇಲೆ ಕೂತು ಬಂದಳು. ಅವಳ ಮಾಂಸಖಂಡಗಳಿಗೆ ಹುಟ್ಟಿನಿಂದಲೇ ಬಲವಿಲ್ಲ. ನಡೆಯಲು ಆಗುವುದಿಲ್ಲ, ಬೆಂಚಿನಲ್ಲಿ ಕೂರಿಸಿದರೆ ಜಾರುತ್ತಾಳೆ. ಅಪ್ಪ ಗಲ್ಫಿನಲ್ಲಿ. ಉಮ್ಮ ಹೆದರಿ ಹೆದರಿ ಕೇಳಿದರು, “ಟೀಚರೇ, ಇವಳಿಗೆ ಶಾಲೆ ಆಗುದಿಲ್ಲ ಅಂತ ಎಲ್ಲರೂ ಹೇಳ್ತಾರೆ. ಹೆಸರು ಕೂಗುವಾಗ ‘ಉಂಡು’ ಹೇಳ್ಬೇಕು ಅಂತ ಒಂದೇ ಹಟ ಇವಳದ್ದು. ಅಷ್ಟು ಹೇಳಿಸಿ ಕರ್ಕೊಂಡು ಹೋಗ್ಲಾ?”

“ನೀವು ಹೋಗಿ, ಅವಳು ಇರ್ಲಿ” ಎಂದಳು ಚಿಕ್ಕಮ್ಮ.

ಮರುದಿನ ನಾನು ಹೋದಾಗ ಒಂದನೇ ಕ್ಲಾಸಿನ ಬೆಂಚುಗಳೆಲ್ಲ ಜಗಲಿಯಲ್ಲಿದ್ದವು. ಒಳಗೆ ಚಾಪೆ. ಮಕ್ಕಳೆಲ್ಲ ನೆಲದಲ್ಲಿ, ಟೀಚರೂ ನೆಲದಲ್ಲಿ. ಹೆಡ್‌ಮಾಸ್ಟರು ತಲೆ ಕೆರೆದುಕೊಂಡರು, “ಎಂತ ಇದು ಟೀಚರೇ? ಊರವರು ಕೊಟ್ಟ ಬೆಂಚು!”

“ಅದಕ್ಕೆ ರಜೆ ಕೊಟ್ಟಿದ್ದೇನೆ ಸರ್. ಒಂದು ಮಗುವಿಗೆ ರಜೆ ಕೊಡುದಕ್ಕಿಂತ ಅಷ್ಟು ಬೆಂಚುಗಳಿಗೆ ಕೊಡುದು ಒಳ್ಳೇದಲ್ವಾ?”

ಡಿಸೆಂಬರಿನ ಆಟೋಟಕ್ಕೆ ಒಂದನೇ ಕ್ಲಾಸಿನವರಿಗೆ ಓಟವಿರಲಿಲ್ಲ, ಕೂತಲ್ಲಿಂದಲೇ ತೆವಳುವ ಸ್ಪರ್ಧೆ! ಚಿಕ್ಕಮ್ಮ ತಾನೂ ಸೆರಗು ಸಿಕ್ಕಿಸಿ ಸಾಲಿನಲ್ಲಿ ಕೂತಳು. ಧನ್ಯಾ ಗೆದ್ದಳು. ಮಿಸ್ರಿಯಾ ಕೊನೆಯಿಂದ ಎರಡನೆಯವಳು. ಕೊನೆಯವರು ಯಾರೆಂದು ನಾನು ಹೇಳುವುದಿಲ್ಲ, ಆದರೆ ಸಂಜೆ ಅವರ ಮೊಣಕಾಲಿಗೆ ಎಣ್ಣೆ ತಿಕ್ಕಿದವನು ನಾನೇ. “ಟೀಚರನ್ನು ಸೋಲಿಸಿದೆ!” ಎಂದು ಮಿಸ್ರಿಯಾ ಗಲ್ಫಿಗೂ ಫೋನು ಮಾಡಿ ಹೇಳಿದಳಂತೆ.

ಆ ಚಳಿಗಾಲದಲ್ಲಿ ಮಿಸ್ರಿಯಾಳಿಗೆ ಕೆಮ್ಮು ಹಿಡಿಯಿತು. ಮಂಗಳೂರಿನ ಆಸ್ಪತ್ರೆ, ಮನೆ, ಮತ್ತೆ ಆಸ್ಪತ್ರೆ. ಶಾಲೆಗೆ ಕಳಿಸಬೇಡಿ ಎಂದರು ಡಾಕ್ಟರು. ಆದರೆ ‘ಉಂಡು’ವಿನ ಹಟ ಬಿಡಬೇಕಲ್ಲ! ಚಿಕ್ಕಮ್ಮ ಉಪಾಯ ಮಾಡಿದಳು. ನಮ್ಮ ಕಡೆಯ ನೆಟ್‌ವರ್ಕ್ ನಿಮಗೆ ಗೊತ್ತಲ್ಲ, ಇಡೀ ಶಾಲೆಯಲ್ಲಿ ಅದು ಸಿಗುವುದು ಧ್ವಜಸ್ತಂಭದ ಬುಡದಲ್ಲಿ ಮಾತ್ರ. ಹಾಗಾಗಿ ಒಂದನೇ ಕ್ಲಾಸಿನ ಹಾಜರಿ ಧ್ವಜಸ್ತಂಭದ ಬುಡಕ್ಕೆ ಬಂತು. ಮಿಸ್ರಿಯಾಳ ಹೆಸರು ಬಂದಾಗ ಚಿಕ್ಕಮ್ಮ ಫೋನನ್ನು ಎತ್ತಿ ಹಿಡಿಯುವುದು, ಮಕ್ಕಳೆಲ್ಲ ಉಸಿರು ಬಿಗಿ ಹಿಡಿಯುವುದು, ಗರಗರ ಸದ್ದಿನ ಮಧ್ಯೆ ಒಂದು ಸಣ್ಣ “ಉಂಡು!” ಕೇಳುವುದು.

“ಟೀಚರೇ, ಫೋನಿನಲ್ಲಿ ಹಾಜರಿ ಹಾಕುದು ನಿಯಮದಲ್ಲಿ ಇಲ್ಲ” ಎಂದರು ಹೆಡ್‌ಮಾಸ್ಟರು.

“ಪುಸ್ತಕದಲ್ಲಿ ಗೈರು ಅಂತಲೇ ಬರೀತೇನೆ ಸರ್. ಹೆಸರು ಕೂಗ್ಲಿಕ್ಕೆ ನಿಯಮ ಬೇಡವಲ್ಲ?”

ಫೆಬ್ರವರಿಯಲ್ಲಿ ಆ ಸ್ವರ ಸಣ್ಣದಾಯಿತು. ಮಕ್ಕಳು ಫೋನಿನ ಹತ್ತಿರ ಹತ್ತಿರ ಬರತೊಡಗಿದರು. ಕೊನೆಗೆ ಒಂದು ಶನಿವಾರ ಫೋನನ್ನು ಯಾರೂ ಎತ್ತಲಿಲ್ಲ. ಮಧ್ಯಾಹ್ನ ಸುದ್ದಿ ಬಂತು.

ಚಿಕ್ಕಮ್ಮ ಅವರ ಮನೆಗೆ ಹೋಗಿ ಬಂದಳು. ಉಮ್ಮನ ಕೈ ಹಿಡಿದು ಕೂತಿದ್ದಳಂತೆ.

ಸೋಮವಾರ ಅವಳನ್ನು ಶಾಲೆಯ ಮುಂದೆ ಸ್ಕೂಟರಿನಿಂದ ಇಳಿಸಿದೆ. ನಾನು ಅಂಗಡಿಗೆ ಹೋಗದೆ ಅಲ್ಲೇ ನಿಂತೆ. ಮಕ್ಕಳು ರೂಢಿಯಂತೆ ಧ್ವಜಸ್ತಂಭದ ಬುಡಕ್ಕೆ ಬಂದು ನಿಂತಿದ್ದರು, ಯಾರೂ ಕರೆದಿರಲಿಲ್ಲ. ಚಿಕ್ಕಮ್ಮ ಪುಸ್ತಕ ತೆರೆದಳು. ಅವಳಿಗೆ ಹೆಸರುಗಳು ಬಾಯಿಪಾಠ. ಕಣ್ಣು ಮಂಜಾಗಿದ್ದಕ್ಕೋ ಏನೋ, ಓದದೆಯೇ ಒಂದೊಂದಾಗಿ ಕೂಗುತ್ತಾ ಹೋದಳು. ಹಾಗೆ ಕೂಗುತ್ತಾ ನಾಲಿಗೆ ತಡೆಯುವ ಮೊದಲೇ ಅದು ಹೊರಗೆ ಬಂತು.

“ಮಿಸ್ರಿಯಾ.”

ಮಕ್ಕಳು ಫೋನು ಹುಡುಕಿದರು. ಅದು ಚಿಕ್ಕಮ್ಮನ ಚೀಲದಲ್ಲೇ ಇತ್ತು. ಪುಸ್ತಕ ಮುಚ್ಚಿಬಿಡುತ್ತಾಳೆ ಎಂದುಕೊಂಡೆ. ಅಷ್ಟರಲ್ಲಿ ಸಾಲಿನ ನಡುವಿನಿಂದ ಧನ್ಯಾ ಹೇಳಿದಳು, “ಇಲ್ಲೆ ಟೀಚರ್.”

ಚಿಕ್ಕಮ್ಮ ತಲೆ ಎತ್ತಲಿಲ್ಲ. ಇಪ್ಪತ್ತೆಂಟು ವರ್ಷದ ಅಭ್ಯಾಸ, ಪೆನ್ನು ಮಾತ್ರ ತಾನಾಗಿ ಮೇಲೆದ್ದಿತು. ಸ್ವರ ಯಾರದ್ದೋ ಎಂಬಂತೆ ಕೇಳಿದಳು, “ಯಾರ ಮನೆದು ಮಗಾ?”

ಧನ್ಯಾ ಸಾಲು ಬಿಟ್ಟು ಒಂದು ಹೆಜ್ಜೆ ಮುಂದೆ ಬಂದಳು.

“ನಿಮ್ಮದು ಟೀಚರ್.”