ದಾಕ್ಷಾಯಣಮ್ಮನ ಡಿಪಿ ಮಾಯವಾದದ್ದು

ಹೂವಿನಹಡಗಲಿಯಲ್ಲಿ ಬೀಜ-ಗೊಬ್ಬರದ ಅಂಗಡಿ ಇಟ್ಟಿರುವ ಗುರುಸಂಗಪ್ಪನ ಮೊಬೈಲು ಒಂದು ಬೆಳಿಗ್ಗೆ ತಾನಾಗಿಯೇ ಅಪ್‌ಡೇಟ್ ಆಗಿ ಎದ್ದಿತು. ಎದ್ದದ್ದೇನೋ ಸರಿ, ಹೆಂಡತಿ ದಾಕ್ಷಾಯಣಮ್ಮನ ಡಿಪಿಯನ್ನು ಮಾತ್ರ ನುಂಗಿಬಿಟ್ಟಿತ್ತು. ರೇಷ್ಮೆ ಸೀರೆ, ಮುಡಿ ತುಂಬ ಮಲ್ಲಿಗೆ ಇದ್ದ ಜಾಗದಲ್ಲಿ ಕಣ್ಣು-ಮೂಗಿಲ್ಲದ ಬೂದು ಬಣ್ಣದ ಬೋಳು ತಲೆ!

ಅದು ಮೊದಲು ಆಕೆಯ ಕಣ್ಣಿಗೇ ಬೀಳಬೇಕೆ?

"ಏನ್ರಿ ಇದು? ಹೂವಿನ ಭರಮಮ್ಮನ ಮುಖ ಕಾಣತೈತಿ, ಹಾಲಿನ ಮಾಳಮ್ಮನ ಮುಖ ಕಾಣತೈತಿ. ನಾನೊಬ್ಬಾಕಿ ನಿಮಗ ಭಾರ ಆದ್ನೇನು?"

"ಲೇ, ನಾನೇನೂ ಮಾಡಿಲ್ಲ. ಎಲ್ಲಾ ಆ ಅಪ್‌ಡೇಟಿಂದು."

"ಅಪ್‌ಡೇಟಿಗೂ ನಾನಾ ಸಿಕ್ಕೆನೇನು?"

ಇನ್ನು ಸುಮ್ಮನಿದ್ದರೆ ಮಧ್ಯಾಹ್ನದ ಊಟಕ್ಕೆ ಸಂಚಕಾರ. ಗುರುಸಂಗಪ್ಪ ಕನ್ನಡಕ ಏರಿಸಿ, ಶಸ್ತ್ರಚಿಕಿತ್ಸೆಗೆ ಇಳಿದ ವೈದ್ಯನ ಗಾಂಭೀರ್ಯದಿಂದ ಕಟ್ಟೆಯ ಮೇಲೆ ಕೂತ. ನಂಬರ್ ಅಳಿಸಿ ಹೊಸದಾಗಿ ಸೇವ್ ಮಾಡಿದರೆ ಫೋಟೊ ಬರುತ್ತದೆಂದು ಎಲ್ಲೋ ಕೇಳಿದ್ದ. ಅಳಿಸಿದ. ಹಳೆಯದರ ಸುಳಿವೂ ಉಳಿಯಬಾರದೆಂದು ಚಾಟು, ಬಂದ ಕಾಲು, ಹೋದ ಕಾಲು ಎಲ್ಲವನ್ನೂ ಗುಡಿಸಿ ಹಾಕಿದ. ಆಮೇಲೆ ಹೆಂಡತಿಯ ಹೆಸರು ಬರೆದ. ಇನ್ನು ನಂಬರ್ ಒತ್ತಬೇಕು. ಬೆರಳು ಗಾಳಿಯಲ್ಲೇ ನಿಂತಿತು.

"ನಿನ್ನ ನಂಬರ್ ಹೇಳು."

"ಅಂದ್ರ ನಿಮಗ ಗೊತ್ತಿಲ್ಲ!"

"ಗೊತ್ತಿಲ್ದ ಏನು? ಬಾಯಿಪಾಠ ಐತಿ!"

"ಹಂಗಾದ್ರ ಹೇಳ್ರಿ, ಕೇಳತೀನಿ."

ಮಾನದ ಪ್ರಶ್ನೆ. ಗುರುಸಂಗಪ್ಪ ಕಣ್ಣು ಮುಚ್ಚಿ, ನಾಲಗೆಗೆ ಬಂದ ನಂಬರನ್ನು ಮಂತ್ರದಂತೆ ಗಡಗಡ ಹೇಳಿಬಿಟ್ಟ. ಆಕೆ ಮೊಬೈಲು ಕಸಿದುಕೊಂಡು ಅದನ್ನೇ ಒತ್ತಿ, ಸ್ಪೀಕರ್ ಹಾಕಿದಳು.

"ನಮಸ್ಕಾರ ಸಾವ್ಕಾರ್ರ! ನಾನ್ರಿ, ಬಸ್‌ಸ್ಟ್ಯಾಂಡಿನ ಮಿರ್ಚಿ ಅಂಗಡಿ ಮೈಲಾರೇಶ. ಏನ್ರಿ, ಇವತ್ತು ಬೆಳಿಗ್ಗೇನ ಫೋನು? ದಿನದಂಗ ಒಂದು ಪ್ಲೇಟ್ ಮಂಡಕ್ಕಿ, ನಾಕು ಮಿರ್ಚಿ ಅಂಗಡಿಗೇ ಕಳಿಸ್ಲೇನು?"

(ಸೇವ್ ಮಾಡಿದರೆ ಹೆಂಡತಿಯ ಕಣ್ಣಿಗೆ ಹೆಸರು ಕಾಣುತ್ತದೆಂದು ಪುಣ್ಯಾತ್ಮ ಆ ನಂಬರನ್ನು ಬಾಯಿಪಾಠ ಮಾಡಿಟ್ಟುಕೊಂಡಿದ್ದ.)

ಕರಿದದ್ದನ್ನು ಮುಟ್ಟಲೇಬಾರದೆಂದು ಡಾಕ್ಟರು ಹೇಳಿದ ದಿನದಿಂದ ದಾಕ್ಷಾಯಣಮ್ಮ ಒಗ್ಗರಣೆಗೂ ಎಣ್ಣೆ ಸೋಕಿಸದೆ ಅಡುಗೆ ಮಾಡುತ್ತಿದ್ದಳು. ಗಂಡನಿಗೆ ಬೇಜಾರಾದೀತೆಂದು ತಾನೂ ಆ ಸಪ್ಪೆ ಸಾರನ್ನೇ ಉಣ್ಣುತ್ತಿದ್ದಳು. ಗುರುಸಂಗಪ್ಪನಿಗೆ ತಲೆ ಎತ್ತಲಾಗಲಿಲ್ಲ.

"ಬ್ಯಾಡಪ್ಪ ಮೈಲಾರೇಶ," ಎಂದಳು ಆಕೆ, ಬಹಳ ಶಾಂತವಾಗಿ. "ನಿಮ್ಮ ಸಾವ್ಕಾರ್ರ ಹೊಟ್ಟಿನೂ ಇವತ್ತ ಅಪ್‌ಡೇಟ್ ಆಗೈತಿ."

ಆಮೇಲೆ ತನ್ನ ನಂಬರನ್ನು ತಾನೇ ಸೇವ್ ಮಾಡಿದಳು. ಬೋಳು ತಲೆ ಮಾಯವಾಗಿ ಫೋಟೊ ಮರಳಿತು.

ಈಗ ಊರಿನಲ್ಲಿ ಮಿರ್ಚಿ ಬಾಣಲೆ ಏರುವ ಹೊತ್ತಿಗೆ ಸರಿಯಾಗಿ ಗುರುಸಂಗಪ್ಪನಿಗೆ ದಿನಾ ವಿಡಿಯೊ ಕಾಲ್ ಬರುತ್ತದೆ. ಪರದೆಯ ತುಂಬ ದಾಕ್ಷಾಯಣಮ್ಮನ ಮುಖ.

"ಎಲ್ಲಿ, ಬಾಯಿ ತೆಗೀರಿ ನೋಡೋಣ."