ಪೆನ್‌ಡ್ರೈವಿನಲ್ಲೇ ಮೂರು ತಿಂಗಳು

ನನಗೆ 'ನೋಡೋಣ' ಅನ್ನೋ ಕಾಯಿಲೆ ಇದೆ. ಹೊಸ ಚಪ್ಪಲಿ ಮೆಟ್ಟಿಕೊಂಡು ಅಂಗಡಿಯೊಳಗೇ ಹತ್ತು ಸುತ್ತು ಓಡಾಡಿ, ಕೊನೆಗೆ ಹಳೇ ಚಪ್ಪಲಿಯಲ್ಲೇ ಮನೆಗೆ ಬರೋ ಆಸಾಮಿ ನಾನು. ಅಂಥವನಿಗೆ ಇಂಥವು ಆಗ್ತಲೇ ಇರುತ್ತವೆ.

ಹೆಗ್ಗಡದೇವನಕೋಟೆಯಲ್ಲಿ, ತಾಲ್ಲೂಕು ಕಚೇರಿಯ ಎದುರು, ಇಪ್ಪತ್ತು ವರ್ಷ ಟೈಪಿಂಗ್ ಅಂಗಡಿ ಇಟ್ಟಿದ್ದೆ. ಹೆಂಡತಿ ಸರ್ಕಾರಿ ಆಸ್ಪತ್ರೆಯಲ್ಲಿ ನರ್ಸು. ಎರಡು ವರ್ಷದ ಹಿಂದೆ ಅವಳಿಗೆ ಕೆ.ಆರ್. ನಗರಕ್ಕೆ ವರ್ಗವಾಯಿತು. ಅಲ್ಲೊಂದು ಬಾಡಿಗೆ ಮನೆ ಹಿಡಿದಳು. "ಅಂಗಡೀನ ಇಲ್ಲಿಗೇ ತಂದ್ಬುಡಿ, ಅರ್ಜಿ ಬರೆಸೋರು ಈ ಊರಲ್ಲೂ ಅವರೆ" ಅಂದಳು. "ನೋಡೋಣ" ಅಂದೆ. ನೋಡ್ತಾ ನೋಡ್ತಾ ಎರಡು ವರ್ಷ ಕಳೆದೇಹೋಯಿತು.

ಒಂದು ಸಾಲು ಉತ್ತು ನೋಡಿ

ನನ್ನ ಕಂಪ್ಯೂಟರಿಗೆ ವಯಸ್ಸಾಗಿತ್ತು. ಬೆಳಿಗ್ಗೆ ಆನ್ ಮಾಡಿ, ಎದುರಿನ ಹೋಟೆಲಿನಲ್ಲಿ ಎರಡು ಇಡ್ಲಿ ತಿಂದು, ಟೀ ಕುಡಿದು ಬಂದರೂ ಅದು ಇನ್ನೂ ಏಳ್ತಾನೇ ಇರೋದು. ಹುಣಸೂರಿನಿಂದ ರಿಪೇರಿಯವರನ್ನು ಕರೆಸಿದೆ. ಅವರು ಬಿಚ್ಚಿ ನೋಡಿ, "ಸಾರ್, ಇದಕ್ಕೆ ಹೊಸ ವಿಂಡೋಸ್ ಹಿಡಿಯಲ್ಲ. ಅದ್ರ ಬದ್ಲು ಲಿನಕ್ಸ್ ಹಾಕಿ, ಕುದುರೆ ಥರ ಓಡ್ತದೆ" ಅಂದರು.

"ಹಳೇದು ಹೋಗ್ಬುಟ್ರೆ?"

"ಈಗ್ಲೇ ಹಾಕ್ಬೇಡಿ. ಈ ಪೆನ್‌ಡ್ರೈವಲ್ಲಿ ಅದೈತೆ. ಚುಚ್ಚಿ ಆನ್ ಮಾಡಿದ್ರೆ ಲಿನಕ್ಸ್. ಕಿತ್ತು ಆನ್ ಮಾಡಿದ್ರೆ ನಿಮ್ಮ ಹಳೇದು ಹೆಂಗಿತ್ತೋ ಹಂಗೇ. ಓಡ್ಸಿ ನೋಡಿ, ಒಪ್ಪಿಗೆ ಆದ್ರೆ ಇನ್‌ಸ್ಟಾಲ್ ಮಾಡ್ಕೊಳ್ಳಿ."

ಖಾತೆ ಬದಲಾವಣೆ ಅರ್ಜಿಗೆ ಕಾದು ಕೂತಿದ್ದ ಅಂತರಸಂತೆಯ ಗೌಡರು ತಲೆದೂಗಿದರು. "ಸರಿಯಾಗೇ ಏಳವ್ರೆ ಕಣಪ್ಪ. ಎತ್ತು ತಕ್ಕಳ್ಳಾಗ ನಾವೂ ನೊಗ ಕಟ್ಟಿ ಒಂದು ಸಾಲು ಉತ್ತು ನೋಡ್ತೀವಿ."

ನನಗೆ ಸ್ವರ್ಗವೇ ಸಿಕ್ಕಿದಂಗಾಯ್ತು. ಬದಲಾಯಿಸದೇ ಬದಲಾಯಿಸೋದು! ಇಂಥ ಏರ್ಪಾಡು ಲೋಕದಲ್ಲಿದೆ ಅಂತ ಯಾರೂ ನನಗೆ ಮೊದಲೇ ಹೇಳಿರಲಿಲ್ಲವಲ್ಲ!

ಮೂರು ತಿಂಗಳಾದ ಮೇಲೆ ಗೌಡರು ಇನ್ನೊಂದು ಅರ್ಜಿಗೆ ಬಂದರು. ಪೆನ್‌ಡ್ರೈವ್ ಇನ್ನೂ ಅಲ್ಲೇ ನೇತಾಡ್ತಿತ್ತು. ಅದನ್ನು ನೋಡಿ, "ಇದೇನಪ್ಪ, ನೀನು ಅವರ ಎತ್ತಲ್ಲಿ ಇಡೀ ಒಲಾನೇ ಉತ್ಬುಟ್ಟಂಗದೆ" ಅಂದರು.

ಚಿಕ್ಕಪ್ಪನ ನ್ಯಾಯ

ಪೆನ್‌ಡ್ರೈವಿಗೆ ಒಂದು ಗುಣವಿದೆ. ಅದರಲ್ಲಿ ಏನು ಮಾಡಿದರೂ, ಕಂಪ್ಯೂಟರ್ ಆರಿದ ಕೂಡಲೇ ಎಲ್ಲ ಮರೆತುಬಿಡುತ್ತದೆ. ಉಳಿಯಬೇಕಾದ್ದನ್ನು ಬೇರೆ ಕಡೆ ಸೇವ್ ಮಾಡಿ ಅಂತ ರಿಪೇರಿಯವರು ಹೇಳಿದ್ದರು. ಅವರು ಹೇಳಿದ್ದನ್ನು ನಾನು ಮರೆತಿದ್ದೆ.

ಪಿರಿಯಾಪಟ್ಟಣದ ಕಡೆಯ ಒಂದು ಮನೆಯವರು ಲಗ್ನಪತ್ರಿಕೆ ಮಾಡಿಸೋಕೆ ಬಂದರು. 'ಸುಖಾಗಮನ ಬಯಸುವವರು' ಪಟ್ಟಿಯಲ್ಲಿ ನಲವತ್ತು ಹೆಸರು. ಯಾರ ಹೆಸರು ಯಾರ ಮೇಲೆ ಅಂತ ಮನೆಯಲ್ಲಿ ಎರಡು ದಿನ ಜಗಳವಾಡಿ, ರಾಜಿಯಾಗಿ, ಚೀಟಿಯನ್ನೂ ತರದೆ ಬಾಯಲ್ಲೇ ಹೇಳ್ತಿದ್ದರು. ಚಿಕ್ಕಪ್ಪನ ಹೆಸರು ಕಟ್ಟಕಡೆಗೆ. ಅವರು ಮೂಲೆಯಲ್ಲಿ ಮುಖ ಊದಿಸಿಕೊಂಡು ನಿಂತಿದ್ದರು. ಕೊನೆಯ ಹೆಸರು ಹೊಡೆದೆ. ಕರೆಂಟು ಹೋಯಿತು.

ಬಂದ ಮೇಲೆ ನೋಡಿದರೆ ಪತ್ರಿಕೆಯೂ ಇಲ್ಲ, ಪಟ್ಟಿಯೂ ಇಲ್ಲ. "ಇನ್ನೊಂದ್ಸಲ ಹೇಳ್ಬುಡಿ" ಅಂದೆ. ಹೇಳಿದರು. ಆದರೆ ರಾಜಿ ಯಾರಿಗೆ ನೆನಪಿದೆ? ದೊಡ್ಡಮ್ಮ ಒಂದು ಹೇಳಿದರೆ ಸೋದರಮಾವ ಇನ್ನೊಂದು. ಜಗಳ ಮತ್ತೆ ಮೊದಲಿಂದ, ಈ ಸಲ ನನ್ನ ಅಂಗಡಿಯಲ್ಲೇ! ಕೊನೆಗೆ ಎಲ್ಲರಿಗೂ ಸುಸ್ತಾಗಿ ಚಿಕ್ಕಪ್ಪನ ಹೆಸರು ಎರಡನೆಯದಾಯಿತು.

ಹೋಗುವಾಗ ಚಿಕ್ಕಪ್ಪ ಕಂಪ್ಯೂಟರಿಗೆ ಕೈಮುಗಿದರು. "ಮನುಷ್ಯರಿಗಿಲ್ದಿದ್ರೂ ಇದಕ್ಕೆ ನ್ಯಾಯ ಗೊತ್ತದೆ ಕಣ್ರೀ."

ಶನಿವಾರದ ಕಂಡಕ್ಟರು

ಶನಿವಾರ ಮಧ್ಯಾಹ್ನ ಅಂಗಡಿ ಮುಚ್ಚಿ, ಹುಣಸೂರಲ್ಲಿ ಬಸ್ಸು ಬದಲಾಯಿಸಿ ಕೆ.ಆರ್. ನಗರಕ್ಕೆ ಹೋಗ್ತಿದ್ದೆ. ಹುಣಸೂರಿನ ಸ್ಟ್ಯಾಂಡಿನಲ್ಲಿ ಆ ಅರ್ಧ ಗಂಟೆ ಕಳೆಯೋದೇ ಕಷ್ಟ. ಮದುವೆಯಾಗಿ ಇಪ್ಪತ್ತೆರಡು ವರ್ಷವಾದವನು, ಹೆಂಡತಿಯ ಮುಖ ನೋಡೋಕೆ ಹೀಗೆ ಒದ್ದಾಡ್ತೀನಲ್ಲ ಅಂತ ನನಗೇ ನಾಚಿಕೆಯಾಗೋದು. ಸೋಮವಾರ ಮೊದಲ ಬಸ್ಸಿಗೆ ವಾಪಸ್ಸು. ಅವಳು ಬೀದಿ ತುದಿವರೆಗೂ ಬಂದು ನಿಲ್ತಿದ್ದಳು. ಅವಳ ಕಡೆ ತಿರುಗಿ ನೋಡೋಕೆ ನನಗೆ ಧೈರ್ಯ ಸಾಲ್ತಿರಲಿಲ್ಲ.

ಅವಳ ಬೀರುವಿನಲ್ಲಿ ನನಗಂತ ಒಂದು ಅರೆ ಬಿಟ್ಟಿದ್ದಳು. ಪೇಪರ್ ಹಾಸಿದ್ದಳು. ನಾನು ಬ್ಯಾಗಿನಿಂದಲೇ ತೆಗೆದು, ಬ್ಯಾಗಿಗೇ ತುಂಬಿಕೊಂಡು ಬರ್ತಿದ್ದೆ, ಹಲ್ಲುಜ್ಜೋ ಬ್ರಶ್ ಸಮೇತ. ಪ್ರತಿ ತಿಂಗಳೂ ಆ ಖಾಲಿ ಅರೆಯ ಪೇಪರನ್ನು ಅವಳು ಬದಲಾಯಿಸ್ತಿದ್ದಳು.

ಒಂದು ಭಾನುವಾರ ಮನೆ ಓನರಮ್ಮ ಹೆಂಡತಿಯನ್ನು ಕೇಳ್ತಿದ್ದದ್ದು ನನಗೂ ಕೇಳಿಸಿತು. "ನಿಮ್ಮ ಯಜಮಾನ್ರು ಬಸ್ ಕಂಡಕ್ಟ್ರೇನವ್ವಾ? ಬ್ಯಾಗ್ ತಕ್ಕಂಡ್ ಬತ್ತರೆ, ಬ್ಯಾಗ್ ತಕ್ಕಂಡ್ ಓಯ್ತರೆ."

ಇವಳು ತಿದ್ದುತ್ತಾಳೆ ಅಂದುಕೊಂಡೆ. "ಹೂಂ ಕಣಮ್ಮ" ಅಂದಳು, "ಎಚ್.ಡಿ. ಕೋಟೆ ಡಿಪೋ."

ಫೋನಿನಲ್ಲಿ

ಲಿನಕ್ಸಿನ ಗುಣಗಾನ ಮಾಡೋಕೆ ಒಂದು ಮಂಗಳವಾರ ಅವಳಿಗೆ ಫೋನ್ ಮಾಡಿದೆ.

"ಎಷ್ಟು ದಿನದಿಂದ ನೋಡ್ತಿದ್ದೀರ ಅದನ್ನ?"

"ಮೂರು ತಿಂಗ್ಳಾಯ್ತು."

"ಇಷ್ಟ ಆಯ್ತಾ?"

"ಬೋ ಇಷ್ಟ ಆಯ್ತು!"

"ಮತ್ತೆ ಹಾಕ್ಕೊಳ್ಳೋಕೇನು?"

"ಹಳೇದು ಪೂರ್ತಿ ಅಳಿಸೋಯ್ತದಲ್ಲಾ... ನೋಡೋಣ."

ಅವಳು ಮೆಲ್ಲಗೆ ಹೇಳಿದಳು: "ನೀವು ನಮ್ಮನೇಲೂ ಪೆನ್‌ಡ್ರೈವಲ್ಲೇ ಇದ್ದೀರ ಕಣ್ರೀ. ಸೋಮವಾರ ಕಿತ್ಕೊಂಡ್ ಹೋದ್ರೆ ಒಂದು ಬನಿಯನ್ನೂ ಸೇವ್ ಆಗಿರಲ್ಲ."

ನಗೋಣ ಅಂತ ಬಾಯಿ ತೆರೆದೆ. ನಗು ಬರಲಿಲ್ಲ. ಎರಡು ವರ್ಷದಿಂದ ಅವಳು ಒಬ್ಬಳೇ ಉಣ್ಣುತ್ತಿದ್ದಾಳೆ ಅನ್ನೋದು ನನ್ನ ಮನಸ್ಸಿಗೆ ಅವತ್ತು ತಟ್ಟಿತು. ನಾನೂ ಅಷ್ಟೇ ತಾನೇ? ಯಾವ ಭಾಗ್ಯಕ್ಕೆ?

ಬುಧವಾರ

ಮಾರನೆಯ ದಿನ ಬೆಳಿಗ್ಗೆಯೇ ಹೊರಟೆ. ಅಂಗಡಿಯ ಬೀಗದಕೈಯನ್ನು ಪಕ್ಕದ ಜೆರಾಕ್ಸಿನವರಿಗೆ ಕೊಟ್ಟೆ. ಹಳೇ ಫೈಲುಗಳ ನಕಲನ್ನು ರಿಪೇರಿಯವರು ಎಂದೋ ಬೇರೆ ಡಿಸ್ಕಿಗೆ ಹಾಕಿಕೊಟ್ಟಿದ್ದರು, ಅದು ಜೇಬಿನಲ್ಲಿತ್ತು. ಮಾನಿಟರು, ಕೀಬೋರ್ಡನ್ನು ಚೀಲಕ್ಕೆ ತುಂಬಿ, ಕಂಪ್ಯೂಟರಿನ ಡಬ್ಬವನ್ನು ದುಪ್ಪಟಿಯಲ್ಲಿ ಸುತ್ತಿ, ತೊಡೆ ಮೇಲೆ ಕೂಸಿನಂತೆ ಇಟ್ಟುಕೊಂಡು ಬಸ್ಸಿನಲ್ಲಿ ಕೂತೆ. ಹುಣಸೂರಿನಲ್ಲಿ ಇಳಿಯುವಾಗ ಒಬ್ಬ ಮುದುಕಿ, "ಉಸಾರು ಕಣಪ್ಪ, ಕತ್ತು ಇಡ್ಕೊ" ಅಂದಳು.

ಬಾಗಿಲು ತೆಗೆದ ಹೆಂಡತಿ ಗಾಬರಿಯಾದಳು. "ಏನಾಯ್ತು? ಇವತ್ತು ಬುಧವಾರ!"

"ಅಂಗಡಿ ತಂದಿದ್ದೀನಿ" ಅಂದೆ.

ಊಟದ ಮೇಜಿನ ಮೇಲೇ ಜೋಡಿಸಿದೆವು. ಪೆನ್‌ಡ್ರೈವ್ ಚುಚ್ಚಿ ಇನ್‌ಸ್ಟಾಲ್ ಒತ್ತಿದೆ. ಹಳೆಯದೆಲ್ಲ ಅಳಿಸಿಹೋಗುತ್ತದೆ, ಮುಂದುವರಿಯಲೇ ಅಂತ ಕೇಳಿತು. ನನ್ನ ಬೆರಳು ನಿಂತುಬಿಟ್ಟಿತು. "ನೋಡೋ..." ಅನ್ನುವಷ್ಟರಲ್ಲಿ ಅವಳ ಕೈ ಬಂತು. ಇಂಜೆಕ್ಷನ್ ಕೊಡೋ ಕೈ, ನನಗೆ ಗೊತ್ತಾಗೋ ಮೊದಲೇ ಒತ್ತಿ ಮುಗಿದಿತ್ತು.

ಅದು ಇನ್‌ಸ್ಟಾಲ್ ಆಗೋ ಹೊತ್ತಿಗೆ ನಾನು ಬ್ಯಾಗ್ ಬಿಚ್ಚಿ ಅಂಗಿ, ಪಂಚೆ, ಬನಿಯನ್ನು ಎಲ್ಲ ಆ ಅರೆಯಲ್ಲಿಟ್ಟೆ. ಖಾಲಿ ಬ್ಯಾಗನ್ನು ಅವಳು ಕಿತ್ತುಕೊಂಡು ಅಟ್ಟಕ್ಕೆ ಎಸೆದಳು. ಕಣ್ಣಿಗೆ ಧೂಳು ಬಿತ್ತು ಅಂತ ಸೆರಗಿನಲ್ಲಿ ಒರೆಸಿಕೊಂಡಳು. ನನ್ನ ಕಣ್ಣಿಗೂ ಬಿದ್ದಿತ್ತು.

ಗುರುವಾರ ಬೆಳಿಗ್ಗೆ ಅಂಗಳದಲ್ಲಿ ಹಲ್ಲುಜ್ಜುತ್ತಾ ನಿಂತಿದ್ದೆ. ಓನರಮ್ಮ ರಂಗೋಲಿ ಬಿಡ್ತಾ ತಲೆಯೆತ್ತಿದರು. "ಏನ್ ಕಂಡಕ್ಟ್ರೇ, ಡ್ಯೂಟಿಗೆ ಓಗ್ನಿಲ್ವಾ?"

ನನ್ನ ಬಾಯಿ ತುಂಬಾ ನೊರೆ. ಅಡುಗೆಮನೆಯಿಂದ ಹೆಂಡತಿಯೇ ಕೂಗಿದಳು:

"ಇಲ್ಲ ಕಣಮ್ಮ! ಆ ಬಸ್ಸು ಇನ್ಮೇಲೆ ಇಲ್ಲೇ ನೈಟ್ ಹಾಲ್ಟು!"