ಅತ್ತೆಯ ‘ಮೊದಲ ನೀವ ತಿನ್ರಿ’

ನಮ್ಮ ಸೋದರತ್ತೆ ದೇವರನ್ನೂ ಪೂರ್ತಿ ನಂಬಿದವಳಲ್ಲ. ನಾಸ್ತಿಕಳೇ? ಛೇ! ದಿನಾ ಪೂಜೆ ಮಾಡುತ್ತಾಳೆ. ಆದರೆ ಪೂಜಾರಿ ಪ್ರಸಾದ ಕೊಟ್ಟರೆ, “ಮೊದಲ ನೀವ ತಿನ್ರಿ” ಎನ್ನುತ್ತಾಳೆ!

ಖಾನಾಪುರದ ಸಂತೆಯಲ್ಲಿ ಅವಳು ಕಾಣಿಸಿದರೆ ಸಾಕು, ಬಾಳೆಹಣ್ಣಿನವನು, ಬೆಲ್ಲದವನು, ಚುರಮುರಿಯವನು ತಂತಮ್ಮ ಮಾಲನ್ನು ಬಾಯಿಗೆ ಹಾಕಿಕೊಂಡು ಜಗಿಯುತ್ತಲೇ ನಿಲ್ಲುತ್ತಿದ್ದರು. ಸುಣ್ಣ ಮಾರುವವಳೊಬ್ಬಳು ಮಾತ್ರ ಗಂಟು ಕಟ್ಟಿಕೊಂಡು ಓಡಿದಳಂತೆ! ಬೆಳಗಾವಿಯಿಂದ ನಾನು ಒಯ್ಯುತ್ತಿದ್ದ ಕುಂದಾ, ಮೊದಲು ನಾನು ತಿಂದು ತೋರಿಸುವುದರಲ್ಲೇ ಕಾಲು ಭಾಗ ಮುಗಿಯುತ್ತಿತ್ತು. ನನ್ನ ಸಲಹೆ ಕೇಳಿ: ಸಂಶಯದ ನೆಂಟರ ಮನೆಗೆ ಸಿಹಿಯನ್ನೇ ಒಯ್ಯಿರಿ, ಹಾಗಲಕಾಯಿ ಬೇಡ.

ಇಂಥವಳ ಹೊಟ್ಟೆಯಲ್ಲಿ ಕ್ಯಾನ್ಸರ್ ಗಡ್ಡೆ ಸಿಕ್ಕಿತು. ಬೆಳಗಾವಿಯ ಆಸ್ಪತ್ರೆಗೆ ಕರೆತಂದೆ. ನರದೊಳಗೆ ಔಷಧ ಏರಿಸದಿದ್ದರೆ ಉಳಿಯುವುದು ಕಷ್ಟ ಎಂದರು ಡಾಕ್ಟರು. ಅತ್ತೆ ತನಿಖೆ ಶುರು ಮಾಡಿದಳು.

“ಆ ಗಡ್ಡಿ ಏನ್ ತಿಂದು ಬೆಳೀತೈತ್ರಿ?”

“ಸಕ್ಕರಿ ಭಾಳ ಸುಡ್ತೈತ್ರಿ ಅಮ್ಮಾರ. ಸುಟ್ಟಾಗ ವಿಷದಂಥಾ ಕಸ ಹುಟ್ಟತೈತಿ. ಆ ಕಸಾ ಬಾಜೂಕಿನ ಚಲೋ ಕೋಶಕ್ಕ ತ್ರಾಸ ಕೊಡತೈತಿ. ಗಡ್ಡಿ ಕೋಶ ಮಾತ್ರ ಕಸಾ ತೆಗಿಯೋ ಕೆಲಸ ಜೋರ್ ಮಾಡ್ಕೊಂಡು ಅದರಾಗ ಒಗ್ಗತೈತಿ.”

“ಅಂದ್ರ ನಮ್ಮ ಓಣಿ ಗಟಾರದ ಸೊಳ್ಳಿ! ಪುಡಿ ಹೊಡದಷ್ಟೂ ದಪ್ಪ ಆಗ್ತಾವ. ನಿಮ್ಮ ಔಷಧಾನೂ ವಿಷಾನ ಅಲ್ಲೇನ್ರಿ? ಅದಕ್ಕೂ ಒಗ್ಗಿಬಿಟ್ಟರ?”

ಡಾಕ್ಟರು ಕನ್ನಡಕ ತೆಗೆದರು. “ಒಗ್ಗಬಹುದ್ರಿ. ಅದಕ್ಕ ಬ್ಯಾರೆ ಬ್ಯಾರೆ ಔಷಧ ಕೂಡಿಸಿ, ಅದು ಒಗ್ಗೂದರೊಳಗ ಹೊಡೀತೀವಿ.”

“ಹಂಗಾದ್ರ ಆ ಬಾಟ್ಲಿ ಮೊದಲ ನೀವ ಹಚ್ಚಿಕೊಳ್ರಿ!”

ಫೌಂಡ್ರಿಗಳ ಹಳೇ ಕಬ್ಬಿಣ ಕೊಂಡು ಮಾರಿ ಮೇಲೆ ಬಂದವನು ನಾನು. ಚೌಕಾಸಿಗಿಳಿದೆ. “ಅತ್ತಿ, ಒಂದ ಬಾಟ್ಲಿ ತಗೊಂಡ ನೋಡು. ಸೇರಲಿಲ್ಲಂದ್ರ ಬಿಡೂಣು.”

“ಮೈಯಾಗ ಹೋದ ಮ್ಯಾಲೆ ವಾಪಸ್ ತಗೊಳ್ಳೂ ಅಂಗಡಿ ಎಲ್ಲೈತೋ, ಶಾಣ್ಯಾ?” ಚೀಲ ಎತ್ತಿಕೊಂಡು ಎದ್ದೇಬಿಟ್ಟಳು. ಖಾನಾಪುರದ ಬಸ್ಸಿಗೆ!

ಕೊನೆಯ ಪಟ್ಟು ಹಾಕಿದೆ. ಅವಳ ಮಂಚದ ಮೇಲೆ ಕೂತು ಅಂಗಿಯ ತೋಳು ಮಡಚಿ ಕೈ ಚಾಚಿದೆ. “ಸಿಸ್ಟರ್, ಮೊದಲ ನನಗ ಹಚ್ರಿ. ಅತ್ತಿ ನೋಡಲಿ.”

ಸಿಸ್ಟರ್ ಕಣ್ಣು ಕಣ್ಣು ಬಿಟ್ಟರು. ಅತ್ತೆ ಚೀಲ ಬಿಸಾಕಿ ಬಂದು ನನ್ನ ಕೈಮೇಲೆ ಪಟ್ಟನೆ ಹೊಡೆದಳು.

“ಅದು ವಿಷ ಐತೋ ಹುಚ್ಚಪ್ಪಾ! ಏಳ ಮ್ಯಾಲೆ!”

ನನ್ನನ್ನು ನೂಕಿ ತಾನೇ ಮಲಗಿ ಕೈ ಕೊಟ್ಟಳು. ಬಾಟಲಿ ಖಾಲಿಯಾಗುವವರೆಗೂ ಇನ್ನೊಂದು ಕೈಯಿಂದ ನನ್ನ ಮಣಿಕಟ್ಟನ್ನು ಬಿಗಿಯಾಗಿ ಹಿಡಿದೇ ಇದ್ದಳು. ಎಲ್ಲಿ ನಾನೂ ಹಚ್ಚಿಸಿಕೊಂಡೇನೋ ಎಂಬ ಸಂಶಯ!